ಹೂಂ ಅಂದ ಬಲಗೈ

ಫೆಬ್ರವರಿ 11, 2008. ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದನೇ ಕ್ಲಾಸಿನ ಹುಡುಗನ ಅಕ್ಷರ. ಜನವರಿಯಲ್ಲಿ ಲಕ್ವ ಹೊಡೆದ ಬಲಗೈ ತೊಡೆ ಮೇಲಿದೆ, ಯಾರೋ ಇಟ್ಟು ಮರೆತುಹೋದ ಸಾಮಾನಿನ ಹಾಗೆ. ಕಾಲು ಪರವಾಗಿಲ್ಲ. ಮಾತು ಪೂರ್ತಿ ಸರಿ ಇದೆ, ಅದೇ ತೊಂದರೆ ಅಂತಾಳೆ ನನ್ನ ಹೆಂಡತಿ ಲತಾಮಣಿ. ಸಾಕು ಇವತ್ತಿಗೆ.

ಫೆಬ್ರವರಿ 14. ಗುರುವಾರ

ಬ್ಯಾಂಕಿಗೆ ಹೋಗಿದ್ದೆವು. ಎಡಗೈಯಲ್ಲೇ ಸಹಿ ಹಾಕಿದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ಚೀಟಿ ನೋಡಿದಳು, ನನ್ನ ಮುಖ ನೋಡಿದಳು. "ಸಹಿ ತಾಳೆ ಆಗ್ತಿಲ್ಲ ಸರ್. ಪರವಾಗಿಲ್ಲ, ಹೆಬ್ಬೆಟ್ಟು ಹಾಕಿಬಿಡಿ, ಮ್ಯಾನೇಜರ್ ಹತ್ರ ಬರೆಸಿಕೊಡ್ತೀನಿ" ಅಂದು ಇಂಕ್ ಪ್ಯಾಡ್ ನನ್ನ ಕಡೆ ಸರಿಸಿದಳು. ಮರ್ಯಾದೆಯಾಗೇ ಅಂದಳು. ನಾನು ಎದ್ದು ಬಂದುಬಿಟ್ಟೆ.

ಲತಾಮಣಿ ಆಟೋದಲ್ಲಿ ವಾಪಸ್ ಕರೆತಂದಳು. ಮನೆ ಬಾಗಿಲು ತೆಗೆಯುತ್ತಾ, "ಒತ್ತಿದ್ರೆ ಬೆರಳೇನು ಸವೆದುಹೋಗ್ತಿತ್ತೇನ್ರೀ?" ಅಂದಳು.

ಸವೆಯುತ್ತೆ. ಅವಳಿಗೇನು ಗೊತ್ತು. ನಮ್ಮಪ್ಪ ಜವರಪ್ಪ ಇದೇ ಅರಸೀಕೆರೆಯ ರೈಲ್ವೆ ಗ್ಯಾಂಗಿನಲ್ಲಿ ಹಳಿ ಎತ್ತಿದವನು. ಸಂಬಳದ ದಿನ ಹೆಬ್ಬೆರಳು ನೀಲಿ ಮಾಡಿಕೊಂಡು ಬರೋನು. ಮನೆಯೊಳಗೆ ಕಾಲಿಡುವ ಮುಂಚೆ ಸೀಮೆಎಣ್ಣೆ ಬಟ್ಟೆಯಲ್ಲಿ ಅದನ್ನು ಉಜ್ಜೋನು. ನಮ್ಮ ವಂಶದಲ್ಲಿ ಮೊದಲ ಸಹಿ ನನ್ನದು. ಹಳೇಬೀಡಿನ ಹತ್ತಿರದ ಪ್ರೌಢಶಾಲೆಗೆ ಹೆಡ್‌ಮಾಸ್ಟರ್ ಆದ ದಿನವೇ ನಿಯಮ ಮಾಡಿದೆ: ನನ್ನ ಆಫೀಸಿನಲ್ಲಿ ಇಂಕ್ ಪ್ಯಾಡ್ ಇರೋದು ರಬ್ಬರ್ ಸ್ಟಾಂಪಿಗೆ, ಹೆಬ್ಬೆಟ್ಟಿಗಲ್ಲ. ಮಕ್ಕಳ ಟಿ.ಸಿ. ಬೇಕಾದವರು ಸಹಿ ಕಲಿತು ಬರಬೇಕು. ಬರದಿದ್ದರೆ ವರಾಂಡದಲ್ಲಿ ಸ್ಲೇಟು ಇದೆ, ಕೂತು ಕಲೀಬೇಕು. ಹೋದ ವರ್ಷ ಬಸ್ತಿಹಳ್ಳಿಯ ಗುರುಸಿದ್ದಮ್ಮ ದೊಡ್ಡ ಮಗಳ ಟಿ.ಸಿ.ಗೆ ಬಂದಾಗ ಮಧ್ಯಾಹ್ನದವರೆಗೂ ಕೂರಿಸಿದ್ದೆ. 'ಗು' ಬಂತು, 'ರು' ಬಂತು, 'ದ್ದ' ಬರಲಿಲ್ಲ. ಸೆರಗಲ್ಲಿ ಮುಖ ಒರೆಸಿಕೊಂಡು ಹೋದಳು. ಮುಂದಿನ ವಾರ ಕಲಿತೇ ಬಂದಳು. ನಾನು ಮಾಡಿದ್ದು ಸರಿಯೇ.

ಅಂಥವನು ಈಗ ಹೆಬ್ಬೆಟ್ಟು ಒತ್ತಬೇಕೇ? ಜೂನ್ ಎರಡಕ್ಕೆ ಶಾಲೆ ಶುರು, ನನ್ನ ರಜೆ ಮುಗಿಯೋದೂ ಆವತ್ತೇ. ಅಷ್ಟರೊಳಗೆ ಬಲಗೈಯಲ್ಲಿ ಸಹಿ ಹಾಕಲಿಕ್ಕಾಗದಿದ್ದರೆ ಆ ಕುರ್ಚಿಯಲ್ಲಿ ನಾನು ಕೂರೋದಿಲ್ಲ. ಸ್ವಯಂ ನಿವೃತ್ತಿ ಕೊಟ್ಟು ಮನೇಲಿರ್ತೀನಿ.

ಇಷ್ಟು ಬರೆಯೋಕೆ ಮಧ್ಯಾಹ್ನವೆಲ್ಲ ಹಿಡೀತು. ಸಿಟ್ಟು ಬಂದರೆ ಎಡಗೈಯೂ ಓಡುತ್ತೆ ಅಂತ ಗೊತ್ತಾಯ್ತು.

ಫೆಬ್ರವರಿ 19. ಮಂಗಳವಾರ

ಫಿಸಿಯೋ ಮೇಡಂ ಬಂದಿದ್ದರು. ಕೈ ಎತ್ತಿ, ಇಳಿಸಿ, ಚೆಂಡು ಹಿಂಡಿಸಿ, ಕೊನೆಗೆ ಮೂಲೆಯಲ್ಲಿದ್ದ ಕಂಪ್ಯೂಟರ್ ನೋಡಿದರು. "ಸರ್, ಬಲಗೈಲಿ ಮೌಸ್ ಹಿಡಿದು ದಿನಾ ಏನಾದ್ರೂ ಆಟ ಆಡಿ. ಆಟದಲ್ಲಿ ಕೈಗೆ ಬೇಜಾರಾಗಲ್ಲ" ಅಂದರು.

ಆಟ! ಐವತ್ತೊಂದು ವರ್ಷದ ಹೆಡ್‌ಮಾಸ್ಟರಿಗೆ! ಹುಡುಗರು ಸೈಬರ್‌ನಲ್ಲಿ ಗುಂಡು ಹಾರಿಸೋ ಆಟ ಆಡ್ತಾರೆ ಅಂತ ಪೋಷಕರ ಸಭೆಯಲ್ಲಿ ಮೈಕ್ ಹಿಡಿದು ಬೈದವನು ನಾನು.

ಹೊನ್ನಯ್ಯನಿಗೆ ಫೋನ್ ಮಾಡಿದೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು, ಹಗರೆಯವನು. ಮನೆಯ ಕಂಪ್ಯೂಟರಿಗೆ ವೈರಸ್ ಬಂದು ಪ್ರಶ್ನೆಪತ್ರಿಕೆಗಳೆಲ್ಲ ಹಾಳಾದಾಗ, ಇದ್ದದ್ದನ್ನು ಅಳಿಸಿ ಲಿನಕ್ಸ್ ಹಾಕಿಕೊಟ್ಟವನು ಅವನೇ. ಆ ಸಿ.ಡಿ. ಅವನಿಗೆ ಹೊರದೇಶದಿಂದ ಪೋಸ್ಟಿನಲ್ಲಿ ಪುಕ್ಕಟೆ ಬಂದದ್ದು. ಅದನ್ನು ಸಿಕ್ಕಸಿಕ್ಕವರ ಮನೆಗೆಲ್ಲ ಹೊತ್ತು ಹಾಕಿಕೊಡ್ತಾನೆ, ಪೋಲಿಯೋ ಹನಿ ಹಾಕೋರ ಥರ. ಅಂಗಡಿಯಲ್ಲಿ ಸಿಗೋ ಆಟದ ಸಿ.ಡಿ. ಇದರಲ್ಲಿ ನಡೆಯಲ್ಲವಂತೆ.

"ಲಿನಕ್ಸ್ ಆಟ ಇಂಟರ್‌ನೆಟ್‌ನಿಂದಲೇ ಇಳಿಸ್ಕೋಬೇಕು ಸಾರ್. ಪುಕ್ಕಟೆ. ಆದ್ರೆ ನಿಮ್ಮ ಕನೆಕ್ಷನ್ನು ತಿಂಗಳಿಗೆ ನಾನೂರು ಎಂ.ಬಿ.ದು. ಅದನ್ನ ನೋಡ್ಕೊಂಡು ಖರ್ಚು ಮಾಡ್ಬೇಕು."

ನಾನೂರು ದಾಟಿದರೆ ಬಿಲ್ಲು ಏರುತ್ತೆ. ದಾಟಬಾರದು ಅನ್ನೋದು ಲತಾಮಣಿಯ ಕಾನೂನು. ತಾಲ್ಲೂಕು ಕಚೇರಿಯ ಪ್ರಥಮ ದರ್ಜೆ ಸಹಾಯಕಿ ಅವಳು. ಕಾನೂನು ಅಂದರೆ ಕಾನೂನೇ.

ಫೆಬ್ರವರಿ 24. ಭಾನುವಾರ

ಹೊನ್ನಯ್ಯ ಬಂದು ಒಂದು ಆಟ ಇಳಿಸಿಕೊಟ್ಟ. ಒಂದು ಆಟ ಅಂದದ್ದು ಅವನು. ಬಂದದ್ದು ಒಂದಲ್ಲ. ಆಟಕ್ಕೆ ಚಿತ್ರದ ಫೈಲು ಬೇಕು, ಚಿತ್ರಕ್ಕೆ ಇನ್ನೇನೋ ಲೈಬ್ರರಿ ಬೇಕು, ಆ ಲೈಬ್ರರಿಗೆ ಸದ್ದಿನದು ಇನ್ನೊಂದು. ಒಬ್ಬ ಬೀಗರನ್ನು ಊಟಕ್ಕೆ ಕರೆದರೆ ಅವರ ಕಡೆಯವರೆಲ್ಲ ವ್ಯಾನು ಮಾಡಿಕೊಂಡು ಬಂದ ಹಾಗೆ. ಬೇಡ ಅನ್ನೋ ಹಾಗೂ ಇಲ್ಲ. ಒಬ್ಬರು ಬರದಿದ್ದರೂ ಮಿಕ್ಕವರು ಎಲೆ ಮುಂದೆ ಕೂರಲ್ಲ.

ಬಣ್ಣದ ಗುಳ್ಳೆ ಒಡೆಯೋ ಆಟ. ಹೊನ್ನಯ್ಯ ಹೋದ ಮೇಲೆ ಚೆನ್ನಾಗೇ ಆಡಿದೆ. ಆಮೇಲೆ ತಿಳೀತು, ಇದನ್ನು ಆಡೋದು ಮೌಸಿನಲ್ಲಲ್ಲ, ಕೀಬೋರ್ಡಿನಲ್ಲಿ. ಎಲ್ಲವನ್ನೂ ಎಡಗೈಯೇ ಮಾಡಿಬಿಟ್ಟಿತ್ತು. ಬಲಗೈ ಪಕ್ಕದಲ್ಲಿ ಕೂತು ನೋಡ್ತಿತ್ತು, ಸ್ಕೂಲ್ ಇನ್‌ಸ್ಪೆಕ್ಟರ್ ಥರ.

ತೆಗೆದುಹಾಕಿ ಹೊನ್ನಯ್ಯನಿಗೆ ಫೋನ್ ಮಾಡಿದೆ. "ತೆಗೆದ್ರೆ ಡಿಸ್ಕಿನ ಜಾಗ ಬರುತ್ತೆ ಸಾರ್. ಖರ್ಚಾದ ಎಂ.ಬಿ. ವಾಪಸ್ ಬರಲ್ಲ" ಅಂದ. ಮೊದಲೇ ಹೇಳಬಾರದಿತ್ತೇ ಮಹಾರಾಯ.

ಮಾರ್ಚ್ 3. ಸೋಮವಾರ

ಹೊಸ ತಿಂಗಳು, ಹೊಸ ನಾನೂರು. ಈ ಸಲ ಇಳಿಸುವ ಮುಂಚೆ ಹೆಸರು, ಗಾತ್ರ, ಜೊತೆಗೆ ಯಾರ್ಯಾರು ಬರ್ತಾರೆ, ಮೌಸ್ ಬೇಕೋ ಬೇಡವೋ ಎಲ್ಲ ವಿಚಾರಿಸಿದೆ. ಹೆಣ್ಣು ನೋಡೋದಕ್ಕೂ ನಾನು ಇಷ್ಟು ವಿಚಾರಿಸಿರಲಿಲ್ಲ ಅಂತ ಲತಾಮಣಿ.

ಬಂದದ್ದು ಮಕ್ಕಳ ಆಟಗಳ ಒಂದು ದೊಡ್ಡ ಗಂಟು. ಎರಡು ವರ್ಷದ ಮಗುವಿನಿಂದ ಹತ್ತು ವರ್ಷದವರೆಗೆ ಅಂತ ಬರೆದಿದೆ. ಎರಡು ವರ್ಷದ್ದರಲ್ಲೇ ಶುರು ಮಾಡಿದೆ. ತೆರೆಯ ತುಂಬ ಬಣ್ಣದ ಚೌಕ. ಮೌಸ್ ಆಡಿಸಿದಲ್ಲಿ ಚೌಕ ಮಾಯವಾಗಿ ಕೆಳಗಿನ ಚಿತ್ರ ಕಾಣುತ್ತೆ. ಪೂರ್ತಿ ಒರೆಸಿದರೆ ಒಂದು ಪೆಂಗ್ವಿನ್ ಬಂದು ನಗುತ್ತೆ.

ನನ್ನ ಕೈ ಮೇಲೆ ಹೋಗು ಅಂದರೆ ಪಕ್ಕಕ್ಕೆ ಹೋಯಿತು. ಭುಜ ಬರುತ್ತೆ, ಮಣಿಕಟ್ಟು ಬರಲ್ಲ. ಒಂದು ನರಿಯ ಮುಖ ಒರೆಸೋಕೆ ಬೆವರು ಕಿತ್ತುಕೊಂಡು ಬಂತು. ನನ್ನಮ್ಮ ಮಾರಮ್ಮ ಹಿಂದೆ ನಿಂತು ನೋಡ್ತಿದ್ದಳು. ಎಂಬತ್ತರ ಸಮೀಪ ವಯಸ್ಸು, ಕಣ್ಣು ಮಾತ್ರ ಹದ್ದಿನದು.

"ಅದೇನ್ಲಾ ಉಮಾ, ಒರ್ಸೋದು?"

"ಆಟ ಕಣಮ್ಮ. ಕೈಗೆ ಒಳ್ಳೇದಂತೆ."

"ಒರ್ಸೋದು ಆಟನಾ? ಹಂಗಾದ್ರೆ ನಾನು ಹುಟ್ಟಿದಾಗ್ಲಿಂದ ಆಟಾನೇ ಆಡ್ತಾ ಇವ್ನಿ."

ಮಾರ್ಚ್ 17. ಸೋಮವಾರ

ನರಿ, ಆನೆ, ಕೋತಿ, ಒಂಟೆ. ನರಿ, ಆನೆ, ಕೋತಿ, ಒಂಟೆ.

ನಾನು ವ್ಯಾಯಾಮಕ್ಕೆ ಒಳಗೆ ಹೋದಾಗ ಅಮ್ಮ ಕುರ್ಚಿ ಹತ್ತಿ ಆಡಿದ್ದಾಳೆ. ಎಡಗಡೆ ಮೂಲೆಯಿಂದ ಶುರು ಮಾಡಿ ಸಾಲು ಹಿಡಿದು ಒರೆಸ್ತಾಳೆ, ಒಂದು ಚೌಕ ಬಿಡಲ್ಲ. "ನೀನು ಎಲ್ಲೆಲ್ಲೋ ಕೆರೀತೀಯ ಕಣ್ಲಾ, ಮೂಲೆ ಬಿಟ್ಟುಬಿಡ್ತೀಯ. ಮನೆ ಒರ್ಸಿ ಗೊತ್ತಿದ್ರಲ್ವಾ" ಅಂದಳು. ಮೂಲೆಯಿಂದ ಶುರು ಮಾಡಿದೆ. ಮಣಿಕಟ್ಟು ಒಂಚೂರು ತಿರುಗಿತು. ಹೇಳಲಿಲ್ಲ ಅವಳಿಗೆ. ಹೇಳಿದರೆ ತಲೆ ಮೇಲೆ ಕೂರ್ತಾಳೆ.

ಮಾರ್ಚ್ 30. ಭಾನುವಾರ

ಮೇಡಂ ಪರೀಕ್ಷೆ ಮಾಡಿದರು. ಭುಜ ಪಾಸು, ಮಣಿಕಟ್ಟು ಪಾಸು, ಬೆರಳು ಫೇಲು. ಸಹಿಗೆ ಬೇಕಾದ್ದು ಬೆರಳು. ಪೆನ್ನು ಹಿಡಿಸಿದರು, ಹಿಡಿದೆ. ಬರಿ ಅಂದರು, ಕಾಗದ ಹರೀತು. "ಒರೆಸೋದು ದೊಡ್ಡ ಚಲನೆ ಸರ್. ಇನ್ನು ಸಣ್ಣದು ಬೇಕು, ಗೆರೆ ಮೇಲೆ ಹೋಗುವಂಥದ್ದು" ಅಂದರು.

ಅಂಥ ಆಟ ಇದೆಯಂತೆ, ಹೊನ್ನಯ್ಯನನ್ನು ಕೇಳಿಯಾಯ್ತು. ಸೊಟ್ಟಪಟ್ಟ ತಂತಿಯ ಮೇಲೆ ಉಂಗುರವನ್ನು ತಂತಿಗೆ ತಾಗದ ಹಾಗೆ ಕೊನೆವರೆಗೆ ಒಯ್ಯಬೇಕು. ಮೌಸಿನಲ್ಲೇ. ಮುಂದೆ ಮುಂದೆ ತಂತಿ ಸಣ್ಣದಾಗ್ತಾ ಹೋಗುತ್ತೆ. ಬಂಧುಬಳಗ ಸೇರಿ ನೂರಿಪ್ಪತ್ತು ಎಂ.ಬಿ. ಈ ತಿಂಗಳು ಉಳಿದಿರೋದು ಅಷ್ಟಿಲ್ಲ. ನಾಡಿದ್ದು ಒಂದನೇ ತಾರೀಕು.

ಏಪ್ರಿಲ್ 1. ಮಂಗಳವಾರ

ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ. ದಿನವೂ ಒಳ್ಳೇದೇ ಸಿಕ್ಕಿದೆ.

ಹೊನ್ನಯ್ಯ ಪರೀಕ್ಷೆ ಕೆಲಸದಲ್ಲಿದ್ದ. ಫೋನಿನಲ್ಲೇ ಹೇಳಿದ: "ಕರಿ ಪರದೆ ತೆಗೀರಿ ಸಾರ್. ಮೊದಲು ಅಪ್‌ಡೇಟ್ ಅಂತ ಕೊಡಿ, ಅದು ಪಟ್ಟಿ ಹೊಸದು ಮಾಡುತ್ತೆ, ಒಂದೆರಡು ಎಂ.ಬಿ. ಅಷ್ಟೆ. ಆಮೇಲೆ ಆಟದ ಹೆಸರು."

ನಾನು ಅಪ್‌ಗ್ರೇಡ್ ಅಂತ ಕೊಟ್ಟೆ. ಎರಡೂ ಇಂಗ್ಲಿಷ್ ಪದ, ಎರಡೂ ಅಪ್ಪಿನಿಂದ ಶುರು. ಮಕ್ಕಳು 'ಮುಗಿಯಿತು' ಬದಲು 'ಮುರಿಯಿತು' ಬರೆದರೆ ಒಂದು ಅಂಕ ಕಳೀತಿದ್ದೆ ನಾನು. ಅಪ್‌ಗ್ರೇಡ್ ಅಂದರೆ ಇಡೀ ಕಂಪ್ಯೂಟರಿನಲ್ಲಿ ಇರೋದನ್ನೆಲ್ಲ ಹೊಸದಾಗಿ ತರಿಸೋದಂತೆ.

ಅದೂ ಪಾಪ ಕೇಳಿತು. ಮುನ್ನೂರ ನಲವತ್ತು ಎಂ.ಬಿ. ಇಳಿಸಬೇಕು, ಮುಂದುವರಿಯಲೇ, ವೈ ಅಥವಾ ಎನ್? ಅಷ್ಟು ದೊಡ್ಡ ಅಂಕಿ ನೋಡಿ, ಏನೋ ತಪ್ಪಾಗಿದೆ ಅಂತ ಎನ್ ಒತ್ತೋಕೆ ಎಡಗೈ ಎತ್ತಿದೆ. ಅಷ್ಟರಲ್ಲಿ ಅಮ್ಮ ಹಿತ್ತಲಿಂದ "ಉಮಾ, ಹಸು ನುಗ್ತು!" ಅಂತ ಕೂಗಿದಳು. ತಿರುಗಿದೆ. ಮೇಜಿನ ಅಂಚಿನಲ್ಲಿದ್ದ ಬಲಗೈ ಜಾರಿ ಎಂಟರ್ ಮೇಲೆ ಬಿತ್ತು. ನಾನು ನೋಡಲಿಲ್ಲ. ಹಸು ಓಡಿಸಿ, ವ್ಯಾಯಾಮ ಮುಗಿಸಿ, ಊಟ ಮಾಡಿ ಬಂದು ನೋಡಿದರೆ ಎಲ್ಲ ಇಳಿದು ಮುಗಿದಿದೆ.

"ಎಂಟರ್ ಒತ್ತಿದ್ರೆ ಹೂಂ ಅಂತಲೇ ಅರ್ಥ ಸಾರ್" ಅಂದ ಹೊನ್ನಯ್ಯ. ಎರಡು ತಿಂಗಳಿಂದ ಏನು ಕೇಳಿದರೂ ಸುಮ್ಮನಿದ್ದ ಕೈ ಇವತ್ತು ಕೇಳದೇ ಹೂಂ ಅಂದುಬಿಟ್ಟಿತು. ಇನ್ನು ಒಂದು ತಿಂಗಳು ಏನೂ ಇಲ್ಲ.

ಏಪ್ರಿಲ್ 2. ಬುಧವಾರ

ಲತಾಮಣಿ ಬೈಯಲಿಲ್ಲ. ಅದು ಇನ್ನೂ ಕಷ್ಟ.

ಏಪ್ರಿಲ್ 8. ಮಂಗಳವಾರ

ಒಂಟೆಯ ಮುಖ ಕಂಡರೆ ವಾಕರಿಕೆ. ಬೆರಳು ಹಾಗೇ ಇವೆ. ಜೂನ್ ಎರಡು ಹತ್ತಿರ ಬರ್ತಿದೆ.

ಹೊನ್ನಯ್ಯ ಬಂದ. ಒಂದು ದಾರಿ ಇದೆ ಅಂದ. ಆಟಕ್ಕೆ ಬೇಕಾದ ಫೈಲುಗಳ ಹೆಸರನ್ನೆಲ್ಲ ನಮ್ಮ ಕಂಪ್ಯೂಟರೇ ಹೇಳುತ್ತೆ, ಅದಕ್ಕೆ ಎಂ.ಬಿ. ಖರ್ಚಾಗಲ್ಲ. ಆ ಹೆಸರುಗಳನ್ನು ತೆಗೆದುಕೊಂಡು ಯಾವುದಾದರೂ ಸೈಬರ್‌ನಲ್ಲಿ ಇಳಿಸಿ, ಸಿ.ಡಿ.ಗೆ ಹಾಕಿಸಿ ತಂದರಾಯ್ತು. ಇಲ್ಲಿ ಸ್ಟೇಷನ್ ರಸ್ತೆಯ ಸೈಬರ್‌ನಲ್ಲಿ 'ಡೌನ್‌ಲೋಡ್ ಮಾಡಬಾರದು' ಅಂತ ಬೋರ್ಡೇ ಹಾಕಿದ್ದಾನೆ. ಬೇಲೂರಿನಲ್ಲಿ ಚನ್ನೇಶ್ ಅಂತ ಒಬ್ಬನ ಸೈಬರ್ ಇದೆ, ಅವನು ಇಂಥ ತರಲೆಗೆಲ್ಲ ಬೇಜಾರು ಮಾಡಿಕೊಳ್ಳಲ್ಲವಂತೆ.

ನಮ್ಮಲ್ಲಿ ಪ್ರಿಂಟರ್ ಇಲ್ಲ, ಪೆನ್ ಡ್ರೈವ್ ಇಲ್ಲ. ಹೊನ್ನಯ್ಯ ಬರೆದುಕೊಳ್ಳೋಕೆ ಪೆನ್ನು ತೆಗೆದ. ಫಿಸಿಯೋ ಮೇಡಂ ಅಲ್ಲೇ ಇದ್ದವರು, "ನೀವ್ಯಾಕೆ ಬರೀತೀರಿ? ಸರ್ ಬರೀಲಿ. ಬಲಗೈಲಿ" ಅಂದರು. ಮುಖ ನೋಡಿದೆ, ತಮಾಷೆ ಮಾಡ್ತಿರಲಿಲ್ಲ.

ಏಪ್ರಿಲ್ 13. ಭಾನುವಾರ

ಪಟ್ಟಿ ಮುಗಿಸಿದೆ. ಫೈಲಿನ ಹೆಸರುಗಳೋ, ದೇವರೇ! ಇಂಗ್ಲಿಷ್ ಅಕ್ಷರ, ಅಡ್ಡಗೆರೆ, ಚುಕ್ಕೆ, ಅಂಕಿ, ಮತ್ತೆ ಚುಕ್ಕೆ, ಮತ್ತೆ ಅಂಕಿ. ಓದಿದರೆ ಅರ್ಥವಿಲ್ಲ, ಒಂದು ಚುಕ್ಕೆ ಬಿಟ್ಟರೆ ಕೆಲಸವಿಲ್ಲ. ಪ್ರತಿ ಫೈಲಿಗೂ ಒಂದು ಹಾಳೆ ಹಿಡಿದಿದೆ, ನನ್ನ ಅಕ್ಷರದ ಗಾತ್ರಕ್ಕೆ. ಹೊನ್ನಯ್ಯ ಕಟ್ಟನ್ನು ಬ್ಯಾಗಿಗೆ ಹಾಕಿಕೊಂಡು, "ಉತ್ತರಪತ್ರಿಕೆ ಬಂಡಲ್ ಥರ ಐತೆ ಸಾರ್" ಅಂದ.

ಏಪ್ರಿಲ್ 14. ಸೋಮವಾರ

ಅಂಬೇಡ್ಕರ್ ಜಯಂತಿ. ಹದಿನೈದು ವರ್ಷದಿಂದ ಭಾಷಣ ನನ್ನದೇ. ಈ ಸಲವೂ ಮಾಡಿದೆ. ಹೂಮಾಲೆ ಹಾಕುವಾಗ ಬಲಗೈ ಅರ್ಧದಲ್ಲಿ ನಿಂತಿತು, ಲತಾಮಣಿ ಮೊಣಕೈ ಕೆಳಗೆ ಕೈ ಕೊಟ್ಟಳು. ಯಾರೂ ಗಮನಿಸಲಿಲ್ಲ ಅಂದುಕೊಂಡಿದ್ದೇನೆ. ವಿದ್ಯೆಯ ಬಗ್ಗೆ ಮಾತಾಡಿದೆ. ಹೆಬ್ಬೆಟ್ಟಿನಿಂದ ಸಹಿಗೆ ಬಂದೆವು ಅನ್ನೋ ಮಾತು ಪ್ರತಿವರ್ಷ ಹೇಳ್ತಿದ್ದೆ, ಇವತ್ತು ಬಾಯಿಗೆ ಬರಲಿಲ್ಲ.

ಏಪ್ರಿಲ್ 18. ಶುಕ್ರವಾರ

ಸಿ.ಡಿ. ಬಂತು. ಹಾಕಿದೆವು. ಎಲ್ಲ ಸರಿಯಾಗಿ ಏರಿ, ಕೊನೆಯಲ್ಲಿ ಒಂದು ಫೈಲು ಬೇರೆ ನಂಬರಿನದು, ಇದು ಆಗಲ್ಲ ಅಂತ ನಿಂತುಬಿಟ್ಟಿತು. ಹೊನ್ನಯ್ಯ ನನ್ನ ಹಾಳೆಗಳನ್ನು ಒಂದೊಂದೇ ತಿರುವಿದ. ಸಿಕ್ಕಿತು. ಹತ್ತು ಅಂತ ಬರೆದಿದ್ದೇನೆ ನಾನು. ಸೊನ್ನೆ ಮುಚ್ಚಿಲ್ಲ, ಬಾಲ ಮೇಲಕ್ಕೆ ಎದ್ದು ಹದಿನಾರರ ಹಾಗೆ ಕಾಣುತ್ತೆ. ಚನ್ನೇಶ್ ಹದಿನಾರು ಅಂತ ಓದಿ ಹುಡುಕಿದ್ದಾನೆ, ಆ ನಂಬರಿನದೂ ಒಂದು ಇತ್ತಂತೆ, ಇಳಿಸಿಬಿಟ್ಟಿದ್ದಾನೆ. ಅವನ ತಪ್ಪೇನಿದೆ?

ಲತಾಮಣಿ ಹಾಳೆ ಇಸಿದುಕೊಂಡು ನೋಡಿದಳು. "ಇದನ್ನ ನಿಮ್ಮ ಶಾಲೆ ಹುಡುಗ ಬರೆದಿದ್ರೆ ಏನು ಮಾಡ್ತಿದ್ರಿ?"

"ಸೊನ್ನೆಗೆ ಸೊನ್ನೆ ಕೊಡ್ತಿದ್ದೆ."

ಅವಳು ನಕ್ಕಳು. ಒಂದನೇ ತಾರೀಕಿನಿಂದ ಇದೇ ಮೊದಲು. ನನಗೂ ನಗು ಬಂತು, ಆಮೇಲೆ ಅಳು ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಒಂದು ಸೊನ್ನೆ ಮುಚ್ಚಲಿಕ್ಕೆ ಆಗದವನು ಸಹಿ ಎಲ್ಲಿ ಹಾಕಿಯಾನು.

ಏಪ್ರಿಲ್ 23. ಬುಧವಾರ

ಸೊನ್ನೆ ಬರೆಯುತ್ತಿದ್ದೇನೆ. ಬರೀ ಸೊನ್ನೆ. ಅಮ್ಮ ಹೋಗ್ತಾ ಬರ್ತಾ ನೋಡಿ, "ಚಕ್ಕುಲಿ ಸುತ್ತಿದಂಗೆ ಸುತ್ತು ಕಣ್ಲಾ, ಶುರು ಮಾಡಿದ್ ಕಡೀಕೇ ತಂದು ಒತ್ತು" ಅಂದಳು. ಎಲ್ಲರೂ ಮೇಷ್ಟ್ರೇ ಈ ಮನೆಯಲ್ಲಿ. ಹಾಗೇ ಸುತ್ತಿದೆ. ಮುಚ್ಚಿತು.

ಏಪ್ರಿಲ್ 25. ಶುಕ್ರವಾರ

ಪೂರ್ತಿ ಪಟ್ಟಿ ಮತ್ತೆ ಬರೆದೆ. ಬೇಕಾಗಿದ್ದದ್ದು ಒಂದೇ ಫೈಲು, ಆದರೂ ಪೂರ್ತಿ ಬರೆದೆ. ಈ ಸಲ ಎರಡೇ ಹಾಳೆ. ಹೊನ್ನಯ್ಯ ಮೌಲ್ಯಮಾಪನಕ್ಕೆ ಹೋಗಿದ್ದಾನೆ, ಒಯ್ಯೋರಿಲ್ಲ. ನಾನೇ ಹೋಗ್ತೀನಿ ಅಂದೆ. ಲತಾಮಣಿ ಬೇಡ ಅನ್ನಲಿಲ್ಲ, ಕಿಟಕಿ ಪಕ್ಕ ಕೂರಿ, ಬಲಗಡೆ ಕಂಬಿ ಹಿಡೀಬೇಡಿ ಅಂದಳು.

ಜನವರಿ ಆದಮೇಲೆ ಒಬ್ಬನೇ ಬಸ್ಸು ಹತ್ತಿದ್ದು ಇವತ್ತೇ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಶಾಲೆಯ ಪರಿಚಯದವರು ಯಾರಾದರೂ ಹತ್ತಿಬಿಟ್ಟಾರು ಅಂತ ಪೇಪರ್ ಮುಖಕ್ಕೆ ಹಿಡಿದಿದ್ದೆ. ಹಗರೆ ದಾಟಿದ ಮೇಲೆ ನೋಡಿಕೊಂಡರೆ ಪೇಪರ್ ತಲೆಕೆಳಗಿತ್ತು.

ಚನ್ನೇಶ್ ಇನ್ನೂ ಮೂವತ್ತು ದಾಟದವನು. ಪಟ್ಟಿ ತಗೊಂಡು ಟಪಟಪ ಟೈಪ್ ಮಾಡಿದ. ಒಂದು ಕಡೆಯೂ ನಿಲ್ಲಲಿಲ್ಲ, ಇದೇನು ಅಂತ ಒಂದು ಮಾತು ಕೇಳಲಿಲ್ಲ. ಆಮೇಲೆ, "ಹೋದ್ಸಲ ಹೊನ್ನಯ್ಯ ಸಾರ್ ತಂದಿದ್ರಲ್ಲ, ಅದನ್ನ ಯಾರೋ ಚಿಕ್ಕ್ ಹುಡುಗ್ರು ಬರೆದಿದ್ರು ಅನ್ಸುತ್ತೆ ಸಾರ್. ಇದು ಪರವಾಗಿಲ್ಲ, ಓದೋಕಾಗುತ್ತೆ" ಅಂದ.

ಡಾಕ್ಟರ್ ಹೇಳಿದ್ದಕ್ಕಿಂತ ಇದು ಹೆಚ್ಚು ನಾಟಿತು. ಟೀ ಕುಡಿಸಿದೆ ಅವನಿಗೆ.

ಏಪ್ರಿಲ್ 26. ಶನಿವಾರ

ಏರಿತು! ಹೊನ್ನಯ್ಯನಿಲ್ಲದೆ, ಒಂದು ಎಂ.ಬಿ. ಖರ್ಚಿಲ್ಲದೆ, ನಾನೇ ಏರಿಸಿದೆ. ಮುಂದುವರಿಯಲೇ ಅಂತ ಕೇಳಿತು. ಬಲಗೈ ಎತ್ತಿ, ನೋಡಿಕೊಂಡು, ಎಂಟರ್ ಒತ್ತಿದೆ.

ತಂತಿ ಆಟ ಮಾತ್ರ ರಾಕ್ಷಸ. ಉಂಗುರ ಒಂಚೂರು ತಾಗಿದರೂ ಟೊಂಯ್ ಅಂತ ಸದ್ದು ಮಾಡಿ ಮೊದಲಿಗೆ ಎಸೆಯುತ್ತೆ. ಮನೆಯೆಲ್ಲ ಟೊಂಯ್ ಟೊಂಯ್. ಲತಾಮಣಿ ಸ್ಪೀಕರಿನ ತಂತಿ ಕಿತ್ತಿಟ್ಟಳು.

ಮೇ 2. ಶುಕ್ರವಾರ

ಅಮ್ಮನನ್ನು ಪಿಂಚಣಿಗೆ ಬ್ಯಾಂಕಿಗೆ ಕರೆದೊಯ್ದೆ. ಅಪ್ಪ ಹೋದಾಗಿನಿಂದ ಅವಳಿಗೆ ರೈಲ್ವೆಯ ಕುಟುಂಬ ಪಿಂಚಣಿ. ಪ್ರತಿ ತಿಂಗಳೂ ಲತಾಮಣಿ ಹೋಗ್ತಾಳೆ. ನಾನು ಹೋಗ್ತಿರಲಿಲ್ಲ, ಶಾಲೆ ಇರ್ತಿತ್ತಲ್ಲ.

ಅದೇ ಕೌಂಟರ್, ಅದೇ ಹುಡುಗಿ, ಅದೇ ಇಂಕ್ ಪ್ಯಾಡ್. ಹುಡುಗಿ ಅಮ್ಮನ ಬೆರಳು ಹಿಡಿಯಹೋದಳು. ಅಮ್ಮ ಕೈ ಬಿಡಿಸಿಕೊಂಡು, "ನಂಗೆ ಬತ್ತದೆ ಬುಡವ್ವ" ಅಂದು ಹೆಬ್ಬೆರಳನ್ನು ಪ್ಯಾಡಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಹೊರಳಿಸಿ, ಚೀಟಿಯ ಮೇಲೆ ಹಾಗೇ ಹೊರಳಿಸಿ ಎತ್ತಿದಳು. ಗೆರೆ ಗೆರೆಯಾಗಿ ಬಂತು, ಒಂದು ಕಡೆಯೂ ಕಲೆಸಲಿಲ್ಲ. ನಾನು ಇದನ್ನು ಈವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವಳ ಬೆರಳು ಒರೆಸೋಕೆ ಕರ್ಚೀಫು ತೆಗೆದೆ. ಬೇಡ ಅಂದಳು, ಎರಡು ದಿನಕ್ಕೆ ತಾನೇ ಹೋಗ್ತದೆ.

"ಅವತ್ತು ನೀನು ಎದ್ದು ಬಂದ್ಬುಟ್ಟಂತೆ, ಲತಾ ಹೇಳ್ತು. ಸಂಕೋಚ ಯಾಕ್ಲಾ? ನಿನ್ ಸೈನು ಬೆಳಿಗ್ಗೆ ಒಂಥರ, ಸಂಜೆ ಒಂಥರ. ಹುಷಾರ್ ತಪ್ಪಿದ್ರೆ ಗುರ್ತೇ ಸಿಗಾಕಿಲ್ಲ. ನನ್ ಹೆಬ್ಬೆಟ್ಟು ಯಾವತ್ತು ಒತ್ತಿದ್ರೂ ಮಾರಮ್ಮಂದೇ. ಬ್ಯಾರೆಯೋರು ಒತ್ತಾಕೂ ಆಗಾಕಿಲ್ಲ."

ಕರ್ಚೀಫು ಮಡಿಸಿ ಜೇಬಿಗಿಟ್ಟೆ. ಆಟೋ ಬಂತು.

ಮೇ 13. ಮಂಗಳವಾರ

ಎಡಗೈಯಲ್ಲಿ ಕಾಫಿ ಲೋಟ, ಸುಡ್ತಾ ಇದೆ, ಕೆಳಗಿಟ್ಟರೆ ಆರಿಹೋಗುತ್ತೆ ಅಂತ ಹಾಗೇ ಹಿಡಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ತಂತಿ ಆಟದ ಕೊನೆಯ ಮೆಟ್ಟಿಲು ಬಾಕಿ. ಅಲ್ಲಿ ತಂತಿ ಕೂದಲಿನಷ್ಟು ಸಣ್ಣ, ತುದಿಯಲ್ಲೊಂದು ಸುತ್ತು. ದಿನಾ ಆ ಸುತ್ತಿನಲ್ಲೇ ಸಾಯ್ತೀನಿ.

ಮೇ ತಿಂಗಳ ನಾನೂರು ಹಾಗೇ ಕೂತಿದೆ. ನನಗೆ ಬೇರೆ ಆಟ ಬೇಡ. ಅಮ್ಮನಿಗೆ ಒರೆಸೋದು ಸಾಕಾಗಿದೆಯಂತೆ, "ಚೌಕಾಬಾರದಂಗಿರೋದು ಐತಾ ನೋಡ್ಲಾ" ಅಂದಳು. ಹುಡುಕಿದೆ. ಹಾಗಿರೋದೇ ಒಂದಿದೆ, ದಾಳ, ಕಾಯಿ, ಮನೆ ಎಲ್ಲ. ಬಳಗ ಸೇರಿ ತೊಂಬತ್ತು ಎಂ.ಬಿ. ಲತಾಮಣಿಯನ್ನು ಕೇಳದೇ ಇಳಿಸಿಕೊಟ್ಟೆ. ಅಮ್ಮ ಕಂಪ್ಯೂಟರನ್ನು ಎರಡು ಸಲ ಸೋಲಿಸಿ, ಮೂರನೇ ಸಲ ಸೋತು, ಅದು ಕಳ್ಳಾಟ ಆಡ್ತದೆ ಅಂತ ಬೈದಳು.

ಲತಾಮಣಿಗೆ ಗೊತ್ತಾಯ್ತು. ಬೈಯಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಮುಂಚೆ ಅಮ್ಮನ ಎದುರು ಅವಳೂ ಒಂದು ಆಟ ಆಡಿ ಸೋತಳು.

ಮೇ 21. ಬುಧವಾರ

ನಿನ್ನೆ ಮುಗಿಸಿದೆ. ಸುತ್ತಿನಲ್ಲಿ ಚಕ್ಕುಲಿ ನೆನಪಾಯ್ತು, ನಿಧಾನ ಸುತ್ತಿ ಶುರುವಿಗೇ ತಂದು ಒತ್ತಿದೆ. ಪೆಂಗ್ವಿನ್ ಗಿಂಗ್ವಿನ್ ಯಾವುದೂ ಬರಲಿಲ್ಲ. ಆಟ ಮುಗಿಯಿತು ಅಂತ ಒಂದು ಸಾಲು ಬಂತು, ಅಷ್ಟೆ.

ಇವತ್ತು ಸಹಿ. ಉದ್ದಕ್ಕೆ ಹಾಕಿ ನೋಡಿದೆ. ಹಳೆಯದರಲ್ಲಿ 'ಉ' ಕೊಕ್ಕರೆಯ ಹಾಗೆ ಕತ್ತು ಎತ್ತಿ, ಕೆಳಗೆ ಎರಡು ಗೆರೆ ಜೋರಾಗಿ ಎಳೀತಿದ್ದೆ. ಅದು ಬರಲ್ಲ. ಬರೋದಿಲ್ಲ ಅಂತ ಒಪ್ಪಿಕೊಂಡೆ. ಬರೋದು ಇಷ್ಟು: ಉ, ಮಾ, ಶಂ, ಕ, ರ್. ಒಂದೊಂದಾಗಿ, ಬಿಡಿಬಿಡಿಯಾಗಿ, ಕಾಪಿ ಬುಕ್ಕಿನ ಹಾಗೆ.

ಮೇ 29. ಗುರುವಾರ

ಬ್ಯಾಂಕಿಗೆ ಹೋಗಿ ಹೊಸ ಮಾದರಿ ಸಹಿ ಕೊಟ್ಟು ಬಂದೆ. ಹುಡುಗಿ ಹಳೆಯದರ ಪಕ್ಕ ಇಟ್ಟು ನೋಡಿ, "ಇದೇ ಚೆನ್ನಾಗಿದೆ ಸರ್, ಹೆಸರು ಗೊತ್ತಾಗುತ್ತೆ" ಅಂದಳು.

ಜೂನ್ 2. ಸೋಮವಾರ

ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ. ಎಲ್ಲರೂ ಬೇರೆ ಕಡೆ ನೋಡ್ತಿದ್ದರು, ನೋಡದೇ ಇರೋದೂ ಗೊತ್ತಾಗುತ್ತೆ.

ಹತ್ತನೇ ಕ್ಲಾಸು ಪಾಸಾದವರ ಟಿ.ಸಿ. ಕಟ್ಟು ನನಗಾಗಿ ಕಾಯ್ತಿತ್ತು. ಹೊನ್ನಯ್ಯ ಸ್ಟಾಂಪು ಹಿಡಿದು ಪಕ್ಕದಲ್ಲಿ ಕೂತ. ನಾನು ಸಹಿ ಹಾಕೋದು, ಅವನು ಒತ್ತೋದು. ಹತ್ತು ಆದಮೇಲೆ ಕೈ ಸೋತಿತು. ಸ್ವಲ್ಪ ತಡೆದು ಮತ್ತೆ ಶುರು ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಗುರುಸಿದ್ದಮ್ಮ. ಚಿಕ್ಕ ಮಗಳ ಟಿ.ಸಿ.ಗೆ ಬಂದಿದ್ದಳು. ಒಳಗೆ ಬರಲಿಲ್ಲ. ಅಲ್ಲಿಂದಲೇ, "ಸ್ಲೇಟು ಎಲ್ಲೈತೆ ಸಾ?" ಅಂದಳು.

"ಸ್ಲೇಟು ಬೇಡ ಕಣಮ್ಮ, ಬಾ ಕೂತ್ಕೋ" ಅಂದೆ. ಮಗಳ ಟಿ.ಸಿ. ಹುಡುಕಿ ಸಹಿ ಹಾಕಿದೆ, ಪುಸ್ತಕದಲ್ಲಿ ಕೊಟ್ಟವರ ಕಡೆಯೂ ಹಾಕಿದೆ. ತಗೊಂಡವರ ಕಡೆ ಖಾಲಿ ಇತ್ತು. ಹೊನ್ನಯ್ಯನ ಮುಂದಿದ್ದ ಇಂಕ್ ಪ್ಯಾಡ್ ಎತ್ತಿ ಅವಳ ಕಡೆ ಸರಿಸಿದೆ. "ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ."

ಹೊನ್ನಯ್ಯ ಸ್ಟಾಂಪು ಹಿಡಿದ ಕೈ ಮೇಲಿಟ್ಟುಕೊಂಡೇ ನನ್ನ ನೋಡಿದ.

"ಯಾಕ್ ಸಾ? ನಾನು ಕಲ್ತಿವ್ನಲ್ಲ! ಸಂಘದ ಪುಸ್ತಕಕ್ಕೂ ಈಗ ಸೈನೇ ಹಾಕೋದು." ಪ್ಯಾಡನ್ನು ಅವಳೇ ವಾಪಸ್ ಸರಿಸಿ, ಪೆನ್ನಿಗೆ ಕೈ ಚಾಚಿದಳು. ಸೆರಗು ಸಿಕ್ಕಿಸಿಕೊಂಡು ಬಗ್ಗಿ ಬರೆದಳು. ಗು. ರು. ಸಿ. 'ದ್ದ' ಹತ್ತಿರ ನಿಂತಳು, ಉಸಿರು ಬಿಗಿ ಹಿಡಿದಳು, ಸುತ್ತಿದಳು. ನಾನು ಕಾದೆ. ಹೊರಗೆ ಬೆಲ್ಲು ಹೊಡೆದು ಹುಡುಗರು ಊಟಕ್ಕೆ ಓಡಿದರು, ಕಾದೆ. ಆ 'ದ್ದ' ಎಷ್ಟು ಕಷ್ಟ ಅಂತ ನನಗೆ ಗೊತ್ತಿತ್ತು.

ಬರೆದು ಮುಗಿಸಿ ತಲೆ ಓರೆ ಮಾಡಿ ನೋಡಿಕೊಂಡಳು. ಆಮೇಲೆ ಪಕ್ಕದಲ್ಲಿದ್ದ ನನ್ನದನ್ನೂ ನೋಡಿದಳು. ಎರಡೂ ದಪ್ಪ ದಪ್ಪ, ಬಿಡಿಬಿಡಿ ಅಕ್ಷರ, ಎರಡೂ ಗೆರೆ ಬಿಟ್ಟು ಕೆಳಕ್ಕೆ ಇಳಿದಿದ್ದವು.

"ನಿಮ್ದೂ ನನ್ ಥರಾನೇ ಐತಲ್ಲ ಸಾ" ಅಂದಳು. "ಈಗೀಗ ಕಲ್ತಿದ್ರಾ?"

"ಹೂಂ ಕಣಮ್ಮ" ಅಂದೆ. "ಈಗೀಗ ಕಲಿತೆ."